ಸೊಸೈಟಿಯ ಶೀಟ್ ಕಾಯಲು ಏಳು ಸೂತ್ರ

ಮುಂಬ್ರಾದ ಹೌಸಿಂಗ್ ಸೊಸೈಟಿಯ ಮೆಂಟೆನೆನ್ಸ್ ಲೆಕ್ಕವಿರಲಿ, ಡೊಂಬಿವಲಿ-ಕಲ್ಯಾಣದ ಕನ್ನಡ ಸಂಘದ ಸದಸ್ಯರ ಪಟ್ಟಿಯಿರಲಿ, ಗೂಗಲ್ ಶೀಟ್‌ನಲ್ಲಿಟ್ಟರೆ ಎಲ್ಲರಿಗೂ ಅನುಕೂಲ. ಆದರೆ ಲಿಂಕ್ ವಾಟ್ಸಾಪ್ ಗುಂಪಿಗೆ ಬಿದ್ದ ಮೇಲೆ ಅದು ಯಾರ್‍ಯಾರ ಕೈ ಸೇರಿತೆಂದು ಹೇಳುವುದು ಕಷ್ಟ. ಖಜಾಂಚಿ, ಕಾರ್ಯದರ್ಶಿಗಳೇ, ಇಷ್ಟು ಮಾಡಿ.

1. ಲಿಂಕ್ ಮುಚ್ಚಿಡಿ. ಶೇರ್ ಒತ್ತಿ, ‘ಎನಿವನ್ ವಿತ್ ದ ಲಿಂಕ್’ ಬದಲು ‘ರಿಸ್ಟ್ರಿಕ್ಟೆಡ್’ ಆರಿಸಿ. ಬೇಕಾದವರ ಇಮೇಲ್ ಮಾತ್ರ ಸೇರಿಸಿ.

2. ಎಡಿಟರ್‌ಗಳು ಇಬ್ಬರೇ ಸಾಕು. ಉಳಿದವರು ವ್ಯೂವರ್, ತಪ್ಪು ತೋರಿಸಬೇಕಾದವರು ಕಮೆಂಟರ್. ಎಡಿಟರ್‌ಗಳು ಇನ್ನೊಬ್ಬರನ್ನು ಸೇರಿಸಿಕೊಳ್ಳುವ ಅನುಮತಿಯ ಟಿಕ್ ಕೂಡ ತೆಗೆಯಿರಿ.

3. ಲೆಕ್ಕದ ಸೂತ್ರ (ಫಾರ್ಮುಲಾ) ಇರುವ ಕಾಲಂ ಭದ್ರಪಡಿಸಿ. ಲೋಕಲ್ ರೈಲಿನಲ್ಲಿ ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದರಲ್ಲಿ ಮೊಬೈಲ್. ದಿವಾ ಸ್ಟೇಷನ್ ಬರುವಷ್ಟರಲ್ಲಿ ಹೆಬ್ಬೆರಳು ತಾಗಿ ಸೂತ್ರದ ಜಾಗದಲ್ಲಿ 5 ಕೂತರೆ ಬಾಕಿಯ ಮೊತ್ತವೇ ತಪ್ಪು. ಡೇಟಾ ಮೆನುವಿನ ‘ಪ್ರೊಟೆಕ್ಟ್ ಶೀಟ್ಸ್ ಅಂಡ್ ರೇಂಜಸ್’ ಇದಕ್ಕೇ ಇರುವುದು. ಎಕ್ಸೆಲ್ ಬಳಸುವವರು ನೆನಪಿಡಿ: ಶೀಟ್‌ಗೆ ಹಾಕಿದ ಪಾಸ್‌ವರ್ಡ್ ತಿದ್ದುವುದನ್ನಷ್ಟೇ ತಡೆಯುತ್ತದೆ. ಫೈಲ್ ತೆರೆಯದಂತೆ ಮಾಡಲು ‘ಎನ್‌ಕ್ರಿಪ್ಟ್ ವಿತ್ ಪಾಸ್‌ವರ್ಡ್’ ಬೇಕು.

4. ನಕಲಿಗೆ ಅಡ್ಡಿ ಹಾಕಿ. ಶೇರ್ ಸೆಟ್ಟಿಂಗ್ಸ್‌ನಲ್ಲಿ ವ್ಯೂವರ್, ಕಮೆಂಟರ್‌ಗಳಿಗೆ ಡೌನ್‌ಲೋಡ್, ಪ್ರಿಂಟ್, ಕಾಪಿ ನಿಲ್ಲಿಸಬಹುದು. ಆದರೆ ಪರದೆಯ ಫೋಟೊ ಹೊಡೆದುಕೊಳ್ಳುವವರನ್ನು ಈ ಸೆಟ್ಟಿಂಗ್ ತಡೆಯದು.

5. ಹೊರಹೋಗಬಾರದ್ದನ್ನು ಹಂಚುವ ಶೀಟ್‌ನಲ್ಲಿ ಇಡಲೇಬೇಡಿ. ಏಳರಲ್ಲಿ ಇದೇ ಮುಖ್ಯ. ಆಧಾರ್, ಫೋನ್ ನಂಬರ್, ಬಾಡಿಗೆದಾರರ ವಿವರ ಬೇರೆ ಫೈಲಿನಲ್ಲಿರಲಿ. ಕಾಲಂ ಹೈಡ್ ಮಾಡಿದರೆ ಸಾಲದು; ನಕಲು ಮಾಡಿಕೊಂಡವರು ಅದನ್ನು ತೆರೆದು ನೋಡಬಹುದು. ಗುಂಪಿಗೆ ಫ್ಲಾಟ್ ನಂಬರ್, ಕಟ್ಟಿದ್ದು, ಬಾಕಿ ಎಂಬ ಮೂರೇ ಕಾಲಮಿನ ಪಿಡಿಎಫ್ ಕಳಿಸಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಜನರ ವಿವರ ಕಾಯುವ ಹೊಣೆಯನ್ನು ಅದನ್ನು ಸಂಗ್ರಹಿಸಿ ಬಳಸುವವರ ಮೇಲೆಯೇ ಹೊರಿಸಿದೆ.

6. ತಿಂಗಳ ಲೆಕ್ಕ ಮುಗಿದ ದಿನ ‘ವರ್ಷನ್ ಹಿಸ್ಟರಿ’ಯಲ್ಲಿ ಹೆಸರಿಟ್ಟು ಉಳಿಸಿ. ಯಾರು, ಯಾವಾಗ, ಏನು ತಿದ್ದಿದರೆಂದು ಅಲ್ಲೇ ಸಿಗುತ್ತದೆ. ಮೀಟಿಂಗ್‌ನಲ್ಲಿ ಜಗಳವಾಡುವ ಮೊದಲು ಅದನ್ನು ತೆರೆಯಿರಿ. ಬೇಕಿದ್ದರೆ ಹಳೆಯ ಪ್ರತಿಯನ್ನೇ ಮರಳಿ ತರಬಹುದು.

7. ಶೀಟ್‌ನ ಮಾಲೀಕತ್ವ ಸೊಸೈಟಿ ಹೆಸರಿನ ಖಾತೆಯಲ್ಲಿರಲಿ, ಕಾರ್ಯದರ್ಶಿಯ ಸ್ವಂತ ಇಮೇಲ್‌ನಲ್ಲಿ ಬೇಡ. ಕಮಿಟಿ ಬದಲಾದ ದಿನವೇ ಹಳಬರ ಅನುಮತಿ ತೆಗೆಯಿರಿ. ದಫ್ತರ, ಮೊಹರಿನ ಜೊತೆ ಖಾತೆಯ ಪಾಸ್‌ವರ್ಡನ್ನೂ ವಹಿಸಿಕೊಂಡು, ಅಲ್ಲಿಂದ ಏಳುವ ಮೊದಲೇ ಅದನ್ನು ಬದಲಾಯಿಸಿ.