ದನದ ಔಷಧದ ಚೀಟಿಯೂ ತ್ರೈರಾಶಿಕವೂ

ತುಮಕೂರು ರಸ್ತೆಯ ಮೇಲಿರುವ ಮಾಕಳಿಯ ಹೆಸರು ಔಷಧಲೋಕಕ್ಕೆ ಅಪರಿಚಿತವಾದುದಲ್ಲ. 1930ರಲ್ಲಿ ಸ್ಥಾಪಿತವಾದ ಹಿಮಾಲಯ ಕಂಪನಿಯು 1975ರಲ್ಲಿ ಇಲ್ಲಿ ತನ್ನ ಕಾರ್ಖಾನೆಯನ್ನು ತೆರೆಯಿತು. ಮನುಷ್ಯರ ಔಷಧಗಳೊಡನೆ ದನಕರುಗಳ ಔಷಧಗಳನ್ನೂ ಆ ಕಂಪನಿ ಮಾರುತ್ತದೆ. ಹೆಬ್ಬಾಳದಲ್ಲಿ 1958ರಿಂದ ಪಶುವೈದ್ಯ ಕಾಲೇಜು ನಡೆದುಬಂದಿದೆ. ಹೀಗೆ ಔಷಧವೂ ವೈದ್ಯವಿದ್ಯೆಯೂ ಹತ್ತಿರದಲ್ಲಿಯೇ ಇರುವ ಈ ಭಾಗದಲ್ಲಿ ಸಹ, ವೈದ್ಯರ ಚೀಟಿ ಹಿಡಿದು ಅಂಗಡಿಗೆ ಹೋಗುವ ರೈತನು ಮೊದಲು ಕೇಳುವುದು ಒಂದೇ ಮಾತು: “ಸೀಸೆಗೆ ಎಷ್ಟು?” ಈ ಪ್ರಶ್ನೆಯಿಂದ ಚಿಕಿತ್ಸೆಯ ವೆಚ್ಚವು ತಿಳಿಯಲಾರದು ಎಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ. ಇದು ಲೆಕ್ಕದ ಪಾಠವೇ ಹೊರತು ಚಿಕಿತ್ಸೆಯ ಪಾಠವಲ್ಲ; ಯಾವ ಔಷಧ, ಎಷ್ಟು ದಿನ ಎಂಬುದನ್ನು ಹೇಳತಕ್ಕವರು ವೈದ್ಯರು.

ಲೆಕ್ಕವು ಹಸುವಿನ ತೂಕದಿಂದ ಆರಂಭವಾಗಬೇಕು. ಕೊಟ್ಟಿಗೆಯಲ್ಲಿ ತಕ್ಕಡಿ ಇರುವುದಿಲ್ಲ. ಆದರೆ ದರ್ಜಿಯ ಅಳತೆಪಟ್ಟಿ ಸಾಕು. ಮುಂಗಾಲುಗಳ ಹಿಂದೆ ಎದೆಯ ಸುತ್ತಳತೆಯನ್ನೂ, ಭುಜದ ತುದಿಯಿಂದ ಪೃಷ್ಠದ ಮೂಳೆಯ ತುದಿಯವರೆಗೆ ಉದ್ದವನ್ನೂ ಅಂಗುಲಗಳಲ್ಲಿ ಅಳೆಯಬೇಕು. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದುದನ್ನು ಉದ್ದದಿಂದ ಗುಣಿಸಿ, 300ರಿಂದ ಭಾಗಿಸಿದರೆ ತೂಕವು ಪೌಂಡುಗಳಲ್ಲಿ ದೊರೆಯುತ್ತದೆ. ಸುತ್ತಳತೆ 65, ಉದ್ದ 55 ಆದರೆ ಸುಮಾರು 775 ಪೌಂಡು. ಅದನ್ನು 2.2ರಿಂದ ಭಾಗಿಸಿದರೆ 352 ಕಿಲೋಗ್ರಾಂ. ನಾವು 350 ಎಂದೇ ಇಟ್ಟುಕೊಳ್ಳೋಣ. ಕಣ್ಣಳತೆಯ ಊಹೆಗಿಂತ ಇದು ಎಷ್ಟೋ ವಾಸಿ.

ಈಗ ಆಕ್ಸಿಟೆಟ್ರಾಸೈಕ್ಲಿನ್ ಎಂಬ ಔಷಧವನ್ನು ತೆಗೆದುಕೊಳ್ಳೋಣ. ಇದು ಎರಡು ಬಗೆಯಲ್ಲಿ ದೊರೆಯುತ್ತದೆ. ಸಾಧಾರಣ ದ್ರಾವಣದಲ್ಲಿ ಮಿಲಿಲೀಟರಿಗೆ 50 ಮಿಲಿಗ್ರಾಂ ಔಷಧವಿರುತ್ತದೆ. ದೀರ್ಘಕಾಲ ಕೆಲಸ ಮಾಡುವ ದ್ರಾವಣದಲ್ಲಿ 200 ಮಿಲಿಗ್ರಾಂ. ಮೊದಲನೆಯದು ಮಿಲಿಲೀಟರಿಗೆ 1 ರೂಪಾಯಿ, ಎರಡನೆಯದು 3 ರೂಪಾಯಿ ಎಂದು ಲೆಕ್ಕದ ಅನುಕೂಲಕ್ಕಾಗಿ ಭಾವಿಸೋಣ. ನೋಡಿದೊಡನೆ ಮೊದಲನೆಯದೇ ಅಗ್ಗವೆನ್ನಿಸುತ್ತದೆ. ಆದರೆ ನಾವು ಕೊಳ್ಳುವುದು ನೀರನ್ನಲ್ಲ. ಮೊದಲನೆಯದರಲ್ಲಿ ಒಂದು ಗ್ರಾಂ ಔಷಧಕ್ಕೆ 20 ರೂಪಾಯಿ ಬಿದ್ದರೆ ಎರಡನೆಯದರಲ್ಲಿ 15 ಮಾತ್ರ. ವೈದ್ಯರು ಸಾಧಾರಣ ದ್ರಾವಣವನ್ನು ಕಿಲೋಗ್ರಾಂ ತೂಕಕ್ಕೆ 10 ಮಿಲಿಗ್ರಾಂನಂತೆ 3 ದಿನ ಬರೆದರೆ, ದಿನಕ್ಕೆ 70 ಮಿಲಿಲೀಟರ್, ಒಟ್ಟು 210 ಮಿಲಿಲೀಟರ್, 210 ರೂಪಾಯಿ. ದೀರ್ಘಕಾಲದ್ದು ಕಿಲೋಗ್ರಾಮಿಗೆ 20 ಮಿಲಿಗ್ರಾಂನಂತೆ ಒಂದೇ ಸಲ. ಅದು 35 ಮಿಲಿಲೀಟರ್, 105 ರೂಪಾಯಿ. ಅದರ ಪರಿಣಾಮವು ಸುಮಾರು 3 ದಿನ ಇರುತ್ತದೆ.

ಆದರೆ ಅಂಗಡಿಯವನು 35 ಮಿಲಿಲೀಟರನ್ನು ಅಳೆದು ಕೊಡನಷ್ಟೆ. ಅವನಲ್ಲಿರುವುದು 100 ರೂಪಾಯಿಯ 30 ಮಿಲಿಲೀಟರ್ ಸೀಸೆ, ಇಲ್ಲವೆ 150 ರೂಪಾಯಿಯ 50 ಮಿಲಿಲೀಟರ್ ಸೀಸೆ ಎನ್ನೋಣ. ಇಲ್ಲಿಯೇ ಮೋಸಹೋಗುವುದು. “ಐದು ಮಿಲಿ ತಾನೆ, ಚಿಕ್ಕದೇ ಸಾಕು” ಎಂದು 50 ರೂಪಾಯಿ ಉಳಿಸಿದವನ ಹಸುವಿಗೆ ಏಳರಲ್ಲಿ ಒಂದು ಪಾಲು ಔಷಧ ಕಡಿಮೆಯಾಯಿತು. ರೋಗಾಣುಗಳು ಅರೆಬರೆ ಪ್ರಮಾಣದಲ್ಲಿ ಸಾಯದೆ ಉಳಿದರೆ, ಬಲವಾದವು ಹೆಚ್ಚಿ ಮುಂದೆ ಅದೇ ಔಷಧಕ್ಕೆ ಬಗ್ಗದಿರಬಹುದು; ಆಗ ಎರಡನೆಯ ಚೀಟಿಯ ಹಣವನ್ನೂ ಮೊದಲನೆಯದಕ್ಕೆ ಸೇರಿಸಿಯೇ ಕೂಡಬೇಕು.

ಇಷ್ಟಾದರೂ ಅಂಗಡಿಯ ರಸೀದಿಯಲ್ಲಿ ಬಾರದ ಬಾಬೊಂದಿದೆ. ಎಲ್ಲಕ್ಕಿಂತ ದೊಡ್ಡದೂ ಅದೇ. ಔಷಧ ಕೊಟ್ಟ ಹಸುವಿನ ಹಾಲಿನಲ್ಲಿ ಔಷಧದ ಅಂಶವು ಕೆಲವು ದಿನ ಇಳಿಯುತ್ತದೆ. ಆ ಅವಧಿಯ ಹಾಲನ್ನು ಮಾರಕೂಡದು, ಕುಡಿಯಲೂ ಕೂಡದು. ಭಾರತ ಸರಕಾರವು 2012ರಲ್ಲಿ ತಿದ್ದಿದ ಔಷಧ ನಿಯಮದಂತೆ ಈ ಅವಧಿಯನ್ನು ಸೀಸೆಯ ಮೇಲೆ ನಮೂದಿಸಬೇಕು. ಆ ಔಷಧಕ್ಕೆ ಪರೀಕ್ಷಿಸಿ ಸ್ಥಿರಪಡಿಸಿದ ಅವಧಿಯಿಲ್ಲದಿದ್ದರೆ ಹಾಲಿಗೆ 7 ದಿನಕ್ಕೆ ಕಡಿಮೆಯಿರಕೂಡದು. ದಿನಕ್ಕೆ 10 ಲೀಟರ್ ಕರೆಯುವ ಹಸು, ಲೀಟರಿಗೆ 35 ರೂಪಾಯಿ ಎಂದಿಟ್ಟುಕೊಂಡರೆ 7 ದಿನಕ್ಕೆ 2,450 ರೂಪಾಯಿ! ಸೀಸೆಯ 150 ಸೇರಿ ವೆಚ್ಚ 2,600. ಸರಕಾರಿ ಪಶು ಆಸ್ಪತ್ರೆಯಲ್ಲಿ ಔಷಧವು ಉಚಿತವಾಗಿ ದೊರೆತರೂ ಈ ಮೊತ್ತದಲ್ಲಿ ಕಳೆಯುವುದು 150 ಮಾತ್ರ.

ಅದೇ ರೋಗಕ್ಕೆ ಒಪ್ಪುವ, 3 ದಿನ ಮಾತ್ರ ಹಾಲು ಬಿಡಬೇಕಾದ ಬೇರೊಂದು ಔಷಧಕ್ಕೆ 750 ರೂಪಾಯಿ ಎಂದುಕೊಳ್ಳಿ. ಐದು ಪಟ್ಟು ಬೆಲೆ ಎಂದು ರೈತನು ಹಿಂಜರಿಯುತ್ತಾನೆ. ಕೂಡಿ ನೋಡಿದರೆ 1,050 ಮತ್ತು 750, ಒಟ್ಟು 1,800. ದುಬಾರಿಯದೇ 800 ರೂಪಾಯಿ ಅಗ್ಗವಾಯಿತು. ಗೊಡ್ಡು ಹಸುವಾದರೆ ಹಾಲಿನ ಬಾಬು ಸೊನ್ನೆ. ಆಗ 150 ರೂಪಾಯಿಯ ಸೀಸೆಯೇ ಲಾಭ. “ಹಾಲು ಎಷ್ಟು ದಿನ ಬಿಡಬೇಕು?” ಎಂದು ವೈದ್ಯರನ್ನು ಚೀಟಿ ಬರೆಯುವ ಮೊದಲೇ ಕೇಳಿದರೆ ಅವರು ಬೇಸರಪಡಲಾರರು. ಈ ಪ್ರಶ್ನೆಯನ್ನು ಕೇಳದೆ, ಹಾಲನ್ನು ಸದ್ದಿಲ್ಲದೆ ಡೈರಿಯ ಕ್ಯಾನಿಗೆ ಸುರಿಯುವವರೂ ಇದ್ದಾರೆ. ಆಗ ವೆಚ್ಚವು ಇಲ್ಲವಾಗುವುದಿಲ್ಲ. ಹಾಲು ಕುಡಿಯುವ ಮಕ್ಕಳ ಮೇಲೆ ಬೀಳುತ್ತದೆ.

ಅಗ್ಗದ ಔಷಧದ ಬೆಲೆಯನ್ನು ಬೇರೆಯವರು ತೆತ್ತುದಕ್ಕೆ ಇನ್ನೊಂದು ನಿದರ್ಶನವೂ ಉಂಟು. ನೋವಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್, ಸತ್ತ ದನವನ್ನು ತಿಂದ ರಣಹದ್ದುಗಳ ಮೂತ್ರಪಿಂಡವನ್ನು ಕೆಡಿಸಿ ಅವುಗಳನ್ನು ಲಕ್ಷಗಟ್ಟಲೆ ಕೊಂದಿತು. ದನಗಳಿಗೆ ಅದನ್ನು ಕೊಡುವುದನ್ನು 2006ರಲ್ಲಿ ನಿಷೇಧಿಸಲಾಯಿತು. ನಮಗೆ ದೂರವಲ್ಲದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಸಾರಬೇಕಾಯಿತು. ಅಂದು ಪ್ರತಿಯಾಗಿ ಸೂಚಿತವಾದ ಮೆಲಾಕ್ಸಿಕಾಮ್ ಮೊದಮೊದಲು ಹೆಚ್ಚು ಬೆಲೆಯದಾಗಿತ್ತು.

ಇನ್ನು 50 ಮಿಲಿಲೀಟರ್ ಸೀಸೆಯಲ್ಲಿ ಉಳಿದ ಆ 15 ಮಿಲಿಲೀಟರು. ತೆರೆದ ಸೀಸೆಯನ್ನು ಎಷ್ಟು ದಿನ ಬಳಸಬಹುದೆಂಬುದನ್ನು ಓದಿ, ತಣ್ಣಗೆ, ಬೆಳಕು ತಾಗದಂತೆ ಇಡಬೇಕು. ಅಷ್ಟರಲ್ಲಿ ವೈದ್ಯರು 150 ಕಿಲೋಗ್ರಾಂ ತೂಕದ ಕಡಸಿಗೂ ಅದೇ ಔಷಧವನ್ನು ಬರೆದರೆ ಅದಕ್ಕೆ ಬೇಕಾದುದು ಸರಿಯಾಗಿ 15 ಮಿಲಿಲೀಟರ್: ಆಗ ಹಸುವಿನ ಲೆಕ್ಕಕ್ಕೆ 105 ರೂಪಾಯಿ, ಕಡಸಿನ ಲೆಕ್ಕಕ್ಕೆ 45.