ಎಷ್ಟು ಭ್ರೂಣ ಎಂದು ಕೇಳಿ, ಆಮೇಲೆ ಸಹಿ ಮಾಡಿ

“ಒಮ್ಮೆಲೇ ಎರಡಾದ್ರ ಛಲೋನ ಆತು ಬಿಡ್ರಿ, ಮತ್ತೊಮ್ಮೆ ಇಷ್ಟು ರೊಕ್ಕ ಎಲ್ಲಿಂದ ತರೋದು?” ಹುಬ್ಬಳ್ಳಿ-ಧಾರವಾಡದ ಕಡೆ ಐವಿಎಫ್ ಮಾಡಿಸಲು ಹೊರಟ ಮನೆಗಳಲ್ಲಿ ಈ ಮಾತು ಸಾಮಾನ್ಯ. ಮದುವೆಯಾಗಿ ವರ್ಷಗಟ್ಟಲೆ ಕಾದು, ಹರಕೆ ಹೊತ್ತು, ಒಡವೆ ಅಡವಿಟ್ಟು ಬಂದವರಿಗೆ ಹಾಗನ್ನಿಸುವುದು ಸಹಜ. ಆದರೆ ಆ ಲೆಕ್ಕದಲ್ಲಿ ನವಜಾತ ಶಿಶುಗಳ ತೀವ್ರ ನಿಗಾ ಘಟಕದ (ಎನ್‌ಐಸಿಯು) ಬಿಲ್ಲು ಸೇರಿರುವುದಿಲ್ಲ.

37 ವಾರ ತುಂಬುವ ಮೊದಲೇ ಆಗುವ ಹೆರಿಗೆಯನ್ನು ಅವಧಿಪೂರ್ವ ಹೆರಿಗೆ ಎನ್ನುತ್ತಾರೆ. ಅವಳಿ ಬಸಿರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈ ಗೆರೆ ದಾಟುವುದಿಲ್ಲ. ತ್ರಿವಳಿಯಾದರೆ 32-33 ವಾರಕ್ಕೇ ಹೆರಿಗೆಯಾಗುವುದು ಸಾಮಾನ್ಯ. ತಾಯಿಗೆ ಬಿಪಿ, ಸಕ್ಕರೆ, ರಕ್ತಸ್ರಾವದ ಅಪಾಯವೂ ಏರುತ್ತದೆ. ಇದನ್ನು ಮೊದಲೇ ಹೇಳಬೇಕಾದ್ದು ವೈದ್ಯರ ಸೌಜನ್ಯವಲ್ಲ, ಕಾನೂನಿನ ಕಟ್ಟಳೆ. 2022ರ ಜನವರಿ 25ರಿಂದ ಜಾರಿಯಲ್ಲಿರುವ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ (ನಿಯಂತ್ರಣ) ಕಾಯ್ದೆ, 2021ರ 21ನೇ ಕಲಂ ಪ್ರಕಾರ ಚಿಕಿತ್ಸಾಲಯ ಆಪ್ತ ಸಮಾಲೋಚನೆ ನಡೆಸಲೇಬೇಕು. ಯಶಸ್ಸಿನ ಸಾಧ್ಯತೆ, ಖರ್ಚು, ಅಡ್ಡಪರಿಣಾಮ ಎಲ್ಲವನ್ನೂ ತಿಳಿಸಬೇಕು. ಬಹುಗರ್ಭದ ಅಪಾಯವನ್ನಂತೂ ಕಾಯ್ದೆ ಹೆಸರಿಸಿಯೇ ಹೇಳಿದೆ.

ನಡೆಯುವುದು ಬೇರೆ. ಹತ್ತಾರು ಹಾಳೆಯ ಇಂಗ್ಲಿಷ್ ಒಪ್ಪಿಗೆ ಪತ್ರ, ಸಹಿ ಹಾಕಬೇಕಾದ ಕಡೆ ಪೆನ್ಸಿಲ್ಲಿನ ಗುರುತು, “ಇಲ್ಲೆ, ಇಲ್ಲೆ, ಮತ್ತ ಇಲ್ಲೆ” ಎನ್ನುವ ಸಿಬ್ಬಂದಿ. ವರ್ಗಾಯಿಸುವ ಭ್ರೂಣಗಳ ಸಂಖ್ಯೆಗೆಂದು ಬಿಟ್ಟ ಜಾಗ ಖಾಲಿ ಇದ್ದರೆ ಪೆನ್ನು ಕೆಳಗಿಡಿ. ಅರ್ಥವಾಗುವ ಭಾಷೆಯಲ್ಲಿ ವಿವರಿಸದೆ ಪಡೆದ ಸಹಿ ನಿಜವಾದ ಒಪ್ಪಿಗೆಯಲ್ಲ. ಸಾಕಷ್ಟು ಮಾಹಿತಿ ಕೊಟ್ಟ ಮೇಲೆ ಪಡೆದದ್ದಷ್ಟೇ ಒಪ್ಪಿಗೆ ಎಂದು ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ.

ಹಾಗಾದರೆ ಎಷ್ಟು? ನಿಯಮಾವಳಿ ಹೇಳಿದಷ್ಟೇ ಭ್ರೂಣಗಳನ್ನು ಗರ್ಭಕೋಶದಲ್ಲಿ ಇಡಬೇಕೆಂದು 24ನೇ ಕಲಂ ಹೇಳುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2005ರ ಮಾರ್ಗಸೂಚಿ ಸಾಮಾನ್ಯ ಸಂದರ್ಭಗಳಿಗೆ ಮೂರರ ಮಿತಿ ಹಾಕಿತ್ತು. ಬಾಡಿಗೆ ತಾಯ್ತನದ 2022ರ ನಿಯಮಗಳು ಇನ್ನೂ ಬಿಗಿ: ಒಂದು ಸಲಕ್ಕೆ ಒಂದೇ ಭ್ರೂಣ, ವಿಶೇಷ ಸಂದರ್ಭದಲ್ಲಿ ಮಾತ್ರ ಮೂರರವರೆಗೆ. ಬಾಡಿಗೆ ತಾಯಿಯ ಒಡಲಿಗೆ ಒಂದು ಸಾಕೆಂದರೆ, ಸ್ವಂತ ಕೂಸು ಹೊರುವವಳಿಗೆ ಮೂರೇಕೆ ಎಂಬ ಪ್ರಶ್ನೆಯನ್ನು ನೀವೂ ಕೇಳಬಹುದು. ವಯಸ್ಸು ಹೆಚ್ಚಾಗಿದ್ದರೆ, ಹಿಂದಿನ ಪ್ರಯತ್ನಗಳು ಕೈಕೊಟ್ಟಿದ್ದರೆ ವೈದ್ಯರ ಬಳಿ ಉತ್ತರ ಇದ್ದೀತು. ಇದ್ದರೆ ಅದು ಕಡತದಲ್ಲಿ ದಾಖಲಾಗಲಿ. ಉಳಿದ ಭ್ರೂಣಗಳು ಹಾಳಾಗುತ್ತವೆ ಎಂಬ ಅಂಜಿಕೆ ಬೇಡ. ನಿಮ್ಮ ಲಿಖಿತ ಸೂಚನೆಯ ಮೇರೆಗೆ ಹತ್ತು ವರ್ಷದವರೆಗೆ ಶೈತ್ಯೀಕರಿಸಿ ಇಡಲು ಕಾಯ್ದೆಯಲ್ಲಿ ಅವಕಾಶವಿದೆ. ವರ್ಗಾವಣೆಗೆ ಮುನ್ನ ಯಾವ ಗಳಿಗೆಯಲ್ಲಾದರೂ ಗಂಡ ಹೆಂಡತಿ ಇಬ್ಬರಲ್ಲಿ ಯಾರೇ ಆಗಲಿ ಒಪ್ಪಿಗೆ ಹಿಂಪಡೆಯಬಹುದು.

ವೀರ್ಯವನ್ನು ನೇರವಾಗಿ ಗರ್ಭಕೋಶಕ್ಕೆ ಸೇರಿಸುವ ಐಯುಐನಲ್ಲಿ ಭ್ರೂಣ ಎಣಿಸಿ ಇಡುವ ಮಾತಿಲ್ಲ. ಅಲ್ಲಿ ಕೇಳಬೇಕಾದ್ದು, ಅಂಡಾಣು ಬೆಳೆಸುವ ಇಂಜೆಕ್ಷನ್ನಿನ ನಂತರದ ಸ್ಕ್ಯಾನಿಂಗ್‌ನಲ್ಲಿ ಎಷ್ಟು ಅಂಡಕೋಶಿಕೆಗಳು ಬೆಳೆದಿವೆ ಎಂದು. ಬಹಳ ಇದ್ದರೆ ಆ ತಿಂಗಳು ಕೈಬಿಡುವುದೇ ಲೇಸು. ಐಯುಐ ಮಾತ್ರ ಮಾಡುವ ಚಿಕಿತ್ಸಾಲಯಕ್ಕೂ ಮೊದಲ ಹಂತದ ನೋಂದಣಿ ಕಡ್ಡಾಯ. ಪ್ರಮಾಣಪತ್ರ ನೋಡಿದ ಮೇಲೇ ಮುಂಗಡ ಕಟ್ಟಿ.

ಮೂರು ನಾಲ್ಕು ನಿಂತುಬಿಟ್ಟರೆ ಭ್ರೂಣಗಳ ಸಂಖ್ಯೆ ಇಳಿಸುವ ಸಲಹೆ ಬರಬಹುದು. ವಯಸ್ಕ ಮಹಿಳೆಯ ಗರ್ಭದ ವಿಷಯದಲ್ಲಿ ಆಕೆಯ ಒಪ್ಪಿಗೆಯೇ ನಿರ್ಣಾಯಕ, ಅತ್ತೆ ಮಾವನ ಸಹಿ ಬೇಕಿಲ್ಲ. “ಗಂಡು ಉಳಿಸ್ರಿ” ಎಂದು ಯಾರಾದರೂ ಪಿಸುಗುಟ್ಟಿದರೆ ಅದು 1994ರ ಲಿಂಗ ಪತ್ತೆ ನಿಷೇಧ ಕಾಯ್ದೆಯಡಿ ನೇರ ಅಪರಾಧ.

ಕೂಸುಗಳು ಬೇಗ ಬಂದೇಬಿಟ್ಟವು, ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ ಎನ್ನಿ. ಆಗ ಮೊದಲು ನೆನಪಾಗಬೇಕಾದ್ದು ಜನನಿ ಶಿಶು ಸುರಕ್ಷಾ ಕಾರ್ಯಕ್ರಮ. 2011ರಿಂದಿರುವ ಈ ಯೋಜನೆಯಡಿ ಹುಬ್ಬಳ್ಳಿ ವಿದ್ಯಾನಗರದ ಕೆಎಂಸಿಆರ್‌ಐನಂಥ (ಹಿಂದಿನ ಕಿಮ್ಸ್) ಸರ್ಕಾರಿ ಆಸ್ಪತ್ರೆಯಲ್ಲಿ ಸಾದಾ ಹೆರಿಗೆ, ಸಿಸೇರಿಯನ್, ಔಷಧ, ರಕ್ತ, ಊಟ, ವಾಹನ ಉಚಿತ. ಕಾಯಿಲೆಬಿದ್ದ ಶಿಶುವಿಗೆ ಒಂದು ವರ್ಷದವರೆಗೆ ಇದೇ ಹಕ್ಕು. ಐವಿಎಫ್ ಕೂಸು ಎಂಬ ಭೇದ ಅಲ್ಲಿಲ್ಲ. ಖಾಸಗಿ ಆಸ್ಪತ್ರೆಯ ಬಿಲ್ಲು ಕೈಮೀರುವ ಮೊದಲೇ, ಕೂಸನ್ನು ಸಾಗಿಸುವುದು ಕ್ಷೇಮವೇ ಎಂದು ವೈದ್ಯರನ್ನು ಕೇಳಿ ತೀರ್ಮಾನಿಸಿ.

ಬೇಗ ಹುಟ್ಟಿದ ಕೂಸಿನ ಕಣ್ಣಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. 1996ರಲ್ಲಿ ಚೆನ್ನೈನ ಸರ್ಕಾರಿ ಆಸ್ಪತ್ರೆಯಲ್ಲಿ 29ನೇ ವಾರಕ್ಕೆ, 1,250 ಗ್ರಾಂ ತೂಕದ ಹೆಣ್ಣುಮಗು ಹುಟ್ಟಿತು. ಬದುಕಿತು, ಮನೆಗೂ ಹೋಯಿತು. ಆದರೆ ಅವಧಿಪೂರ್ವ ಶಿಶುಗಳ ಅಕ್ಷಿಪಟಲಕ್ಕೆ ಬರುವ ಆರ್‌ಒಪಿ ಎಂಬ ತೊಂದರೆಗೆ ತಪಾಸಣೆ ಮಾಡಿಸಬೇಕೆಂದು ಹೆತ್ತವರಿಗೆ ಯಾರೂ ಹೇಳಲಿಲ್ಲ. ಗೊತ್ತಾಗುವಷ್ಟರಲ್ಲಿ ದೃಷ್ಟಿ ಹೋಗಿತ್ತು. 2015ರ ಜುಲೈ 1ರಂದು ಸುಪ್ರೀಂ ಕೋರ್ಟ್ ಇದನ್ನು ನಿರ್ಲಕ್ಷ್ಯವೆಂದು ಎತ್ತಿಹಿಡಿದು ಸುಮಾರು 1.8 ಕೋಟಿ ರೂಪಾಯಿ ಪರಿಹಾರ ಕೊಡಿಸಿತು. ತಂದೆ ವರ್ಷಗಟ್ಟಲೆ ಬಡಿದಾಡಿ ಗೆದ್ದರು, ಕಣ್ಣು ಬರಲಿಲ್ಲ. 34 ವಾರಕ್ಕಿಂತ ಮೊದಲು ಹುಟ್ಟಿದ ಅಥವಾ 2 ಕೆಜಿಗಿಂತ ಕಡಿಮೆ ತೂಕದ ಕೂಸಿಗೆ 30 ದಿನದೊಳಗೆ ಈ ತಪಾಸಣೆ ಆಗಬೇಕು, ತೀರ ಸಣ್ಣದಾದರೆ ಇನ್ನೂ ಬೇಗ. ಡಿಸ್ಚಾರ್ಜ್ ಚೀಟಿಯಲ್ಲಿ ಅದರ ದಿನಾಂಕ ಬರೆಸಿಕೊಳ್ಳದೆ ಮನೆಗೆ ಹೊರಡಬೇಡಿ.

ನೌಕರಿಯಲ್ಲಿರುವವರಿಗೆ ಒಂದು ಮಾತು. ಮೊದಲ ಹೆರಿಗೆಯಲ್ಲೇ ಅವಳಿಯಾದರೂ ಸಂಬಳಸಹಿತ ರಜೆ 26 ವಾರವೇ, ಇಮ್ಮಡಿಯಾಗದು. ಆದರೆ ಅವಧಿಪೂರ್ವ ಹೆರಿಗೆಯಿಂದ ಕಾಯಿಲೆಯಾದರೆ ವೈದ್ಯರ ಪ್ರಮಾಣಪತ್ರದ ಮೇಲೆ ಇನ್ನೊಂದು ತಿಂಗಳು ಸಿಗುತ್ತದೆ. ಬಹಳ ಮಂದಿ ಇದನ್ನು ಕೇಳುವುದೇ ಇಲ್ಲ.

ಅನ್ಯಾಯವಾಗಿದೆ ಅನ್ನಿಸಿದರೆ ಜಗಳಕ್ಕೆ ಮುಂಚೆ ಕಾಗದ ಕೂಡಿಸಿ. ಏನೇನು ಮಾಡಲಾಯಿತು ಎಂಬ ವಿವರವಿರುವ ಡಿಸ್ಚಾರ್ಜ್ ಪ್ರಮಾಣಪತ್ರವನ್ನು ಐವಿಎಫ್ ಚಿಕಿತ್ಸಾಲಯ ಕೊಡಲೇಬೇಕು. ವೈದ್ಯಕೀಯ ದಾಖಲೆ ಕೇಳಿ ಅರ್ಜಿ ಕೊಟ್ಟ 72 ಗಂಟೆಯೊಳಗೆ ಪ್ರತಿ ಸಿಗಬೇಕು. ದೂರನ್ನು ಮೊದಲು ಚಿಕಿತ್ಸಾಲಯದ ಕುಂದುಕೊರತೆ ಘಟಕಕ್ಕೆ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. ಬಿಲ್ಲು, ದರ, ರೋಗಿಯ ಹಕ್ಕುಗಳ ತಕರಾರಿಗೆ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರವಿದೆ. ಪರಿಹಾರ ಬೇಕೆಂದರೆ ಧಾರವಾಡದ ಜಿಲ್ಲಾ ಗ್ರಾಹಕರ ಆಯೋಗ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ದೂರು ಹಾಕಲು ಇರುವ ಅವಧಿ ಎರಡು ವರ್ಷ. ಚಿಕಿತ್ಸೆ ಬೆಂಗಳೂರಿನಲ್ಲೋ ಬೆಳಗಾವಿಯಲ್ಲೋ ಆಗಿದ್ದರೂ, ನೀವು ವಾಸವಿರುವುದು ಹುಬ್ಬಳ್ಳಿಯಲ್ಲಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರನ್ನು ಧಾರವಾಡದಲ್ಲೇ ಹಾಕಬಹುದು.