ಒತ್ತಡ, ಖಿನ್ನತೆ ಮತ್ತು ನರಕೋಶ: ಪರೀಕ್ಷೆಗೆ ಮುಖ್ಯಾಂಶಗಳು

‘ಖಿನ್ನತೆಗೆ ಕಾರಣ ಸೆರೊಟೋನಿನ್ ಕೊರತೆ’ ಎಂದು ಒಂದು ಸಾಲು ಬರೆದು ಪೂರ್ತಿ ಅಂಕ ಪಡೆಯುವ ಕಾಲ ಹೋಯಿತು. ಈ ಪಾಠದ ಸಿದ್ಧಾಂತಗಳನ್ನೆಲ್ಲ ಒರೆಗೆ ಹಚ್ಚಲು ಒಂದೇ ಪ್ರಶ್ನೆ ಸಾಕು. ಖಿನ್ನತೆಯ ಮಾತ್ರೆ ನುಂಗಿದ ಕೆಲವೇ ಗಂಟೆಗಳಲ್ಲಿ ಸೆರೊಟೋನಿನ್ ಮರುಹೀರಿಕೆ ನಿಲ್ಲುತ್ತದೆ. ರೋಗಿಯ ಮುಖದಲ್ಲಿ ಗೆಲುವು ಕಾಣಲು ಮಾತ್ರ ಎರಡರಿಂದ ನಾಲ್ಕು ವಾರ ಬೇಕು. ನಡುವಿನ ಆ ದಿನಗಳಲ್ಲಿ ಮೆದುಳಿನಲ್ಲಿ ನಡೆಯುವುದೇನು? ಪ್ರತಿ ಶೀರ್ಷಿಕೆ ಓದುವಾಗಲೂ ಈ ಪ್ರಶ್ನೆ ಪಕ್ಕದಲ್ಲಿರಲಿ.

ಒತ್ತಡದ ಅಕ್ಷ (ಎಚ್‌ಪಿಎ)

• ಸರಪಳಿ ಹೀಗೆ: ಹೈಪೊಥಲಾಮಸ್‌ನ ಪ್ಯಾರಾವೆಂಟ್ರಿಕ್ಯುಲರ್ ನ್ಯೂಕ್ಲಿಯಸ್ → ಸಿಆರ್‌ಎಚ್ → ಮುಂಭಾಗದ ಪಿಟ್ಯುಟರಿ → ಎಸಿಟಿಎಚ್ → ಅಡ್ರಿನಲ್ ಕಾರ್ಟೆಕ್ಸ್ → ಕಾರ್ಟಿಸಾಲ್. ಇಲಿಗಳಲ್ಲಿ ಕಾರ್ಟಿಸಾಲ್ ಬದಲು ಕಾರ್ಟಿಕೊಸ್ಟಿರಾನ್. ಬಹು ಆಯ್ಕೆ ಪ್ರಶ್ನೆಗಳಲ್ಲಿ ಅಂಕ ಕಳೆದುಕೊಳ್ಳುವುದು ಇಲ್ಲೇ.

• ಹ್ಯಾನ್ಸ್ ಸೆಲ್ಯೆ 1936ರಲ್ಲಿ ‘ನೇಚರ್’ ಪತ್ರಿಕೆಯ ಪುಟ್ಟ ಟಿಪ್ಪಣಿಯಲ್ಲಿ, ಹಾನಿಯ ಬಗೆ ಯಾವುದೇ ಇರಲಿ ದೇಹದ ಪ್ರತಿಕ್ರಿಯೆಯ ಮಾದರಿ ಒಂದೇ ಎಂದು ತೋರಿಸಿದರು. ಮೂರು ಹಂತಗಳು: ಎಚ್ಚರ, ಪ್ರತಿರೋಧ, ಬಳಲಿಕೆ. 1981ರಲ್ಲಿ ವೈಲಿ ವೇಲ್ ಅವರ ತಂಡ 41 ಅಮೈನೊ ಆಮ್ಲಗಳ ಸಿಆರ್‌ಎಚ್‌ನ ರಚನೆಯನ್ನು ಪ್ರಕಟಿಸಿತು.

• ಕಾರ್ಟಿಸಾಲ್‌ಗೆ ಮೆದುಳಿನಲ್ಲಿ ಎರಡು ಗ್ರಾಹಕಗಳು. ಮಿನರಲೊಕಾರ್ಟಿಕಾಯ್ಡ್ ಗ್ರಾಹಕದ (ಎಂಆರ್) ಹಿಡಿತ ಬಿಗಿ. ಹಾರ್ಮೋನ್ ಕಡಿಮೆ ಇದ್ದಾಗಲೂ ಅದು ಬಹುಪಾಲು ತುಂಬಿರುತ್ತದೆ. ಗ್ಲೂಕೊಕಾರ್ಟಿಕಾಯ್ಡ್ ಗ್ರಾಹಕದ (ಜಿಆರ್) ಹಿಡಿತ ಸಡಿಲ. ಒತ್ತಡ ಬಿದ್ದಾಗ ಮತ್ತು ಬೆಳಗಿನ ಏರಿಕೆಯಲ್ಲಿ ಮಾತ್ರ ಅದು ಚೆನ್ನಾಗಿ ತುಂಬುತ್ತದೆ. ಹಾರ್ಮೋನ್ ಕೂತ ಮೇಲೆ ಜಿಆರ್ ಕೋಶಕೇಂದ್ರಕ್ಕೆ ಸಾಗಿ ಜೀನ್‌ಗಳನ್ನು ಏರಿಳಿಸುತ್ತದೆ. ಎಫ್‌ಕೆಬಿಪಿ5 ಎಂಬ ಪ್ರೋಟೀನ್ ಆ ಸಾಗಣೆಗೆ ಅಡ್ಡಗಾಲು.

• ಹಿಪೊಕ್ಯಾಂಪಸ್, ಹೈಪೊಥಲಾಮಸ್, ಪಿಟ್ಯುಟರಿ ಈ ಮೂರೂ ಕಡೆ ಜಿಆರ್ ಮೂಲಕ ಸರಪಳಿಗೆ ತಡೆ ಬೀಳುತ್ತದೆ. ತೊಟ್ಟಿ ತುಂಬಿದಾಗ ಮೋಟಾರ್ ನಿಲ್ಲಿಸುವ ತೇಲುಗುಂಡಿನಂಥ ಏರ್ಪಾಡು. ತೀವ್ರ ಖಿನ್ನತೆಯ ಹಲವರಲ್ಲಿ ಈ ತಡೆ ಸರಿಯಾಗಿ ಕೆಲಸ ಮಾಡುವುದಿಲ್ಲ: ಡೆಕ್ಸಾಮೆಥಸೋನ್ ಕೊಟ್ಟರೂ ಕಾರ್ಟಿಸಾಲ್ ಇಳಿಯದು. ಆದರೆ ಎಲ್ಲ ರೋಗಿಗಳಲ್ಲೂ ಹೀಗಾಗುವುದಿಲ್ಲ, ಬೇರೆ ಕಾಯಿಲೆಗಳಲ್ಲೂ ಆಗುತ್ತದೆ. ಹಾಗಾಗಿ ಇದು ಖಿನ್ನತೆಯ ರೋಗನಿರ್ಣಯ ಪರೀಕ್ಷೆಯಾಗಿ ನಿಲ್ಲಲಿಲ್ಲ. ಸಿಆರ್‌ಎಚ್ ತಡೆಯುವ ಮದ್ದುಗಳೂ ಭರವಸೆ ಹುಟ್ಟಿಸಿ ಮಾನವ ಪ್ರಯೋಗಗಳಲ್ಲಿ ಸೋತವು.

ಮೊನೊಅಮೈನ್ ಸಿದ್ಧಾಂತ: ಎಲ್ಲಿ ಸರಿ, ಎಲ್ಲಿ ಕೊರೆ

ಇದರ ಒಂದು ಬೇರು ನಮ್ಮ ಸರ್ಪಗಂಧದಲ್ಲಿದೆ. ಮುಂಬಯಿಯ ಹೃದ್ರೋಗ ತಜ್ಞ ರುಸ್ತುಂ ಜಾಲ್ ವಕೀಲ್ 1949ರಲ್ಲಿ ರಕ್ತದೊತ್ತಡಕ್ಕೆ ಇದರ ಬಳಕೆಯನ್ನು ಬ್ರಿಟಿಷ್ ಪತ್ರಿಕೆಯಲ್ಲಿ ವರದಿ ಮಾಡಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಈ ಗಿಡದಿಂದ ರೆಸರ್ಪಿನ್ ಬೇರ್ಪಟ್ಟಿತು. ರೆಸರ್ಪಿನ್ ಸಿನಾಪ್ಸಿನ ಕೋಶಿಕೆಗಳಿಗೆ ಮೊನೊಅಮೈನ್ ತುಂಬದಂತೆ ತಡೆದು ದಾಸ್ತಾನು ಖಾಲಿ ಮಾಡುತ್ತದೆ. ಅದನ್ನು ತೆಗೆದುಕೊಂಡ ಕೆಲವರಿಗೆ ಖಿನ್ನತೆ ಬಂತೆಂಬ ವರದಿಗಳು ಸಿದ್ಧಾಂತಕ್ಕೆ ಇಂಬಾದವು. ಆ ನಂಟು ಅಂದುಕೊಂಡಷ್ಟು ಗಟ್ಟಿಯಲ್ಲ ಎಂಬ ಟೀಕೆ ಆಮೇಲೆ ಬಂತು.

ಇನ್ನೊಂದು ಬೇರು ಕ್ಷಯದ ಮದ್ದು ಇಪ್ರೊನಯಜಿಡ್. ಅದು ಮೊನೊಅಮೈನ್ ಆಕ್ಸಿಡೇಸ್ ಕಿಣ್ವವನ್ನು ತಡೆಯುತ್ತದೆ. ಕ್ಷಯರೋಗಿಗಳ ಮನಸ್ಸನ್ನೂ ಗೆಲುವಾಗಿಸಿತು. 1950ರ ದಶಕದಲ್ಲೇ ರೋಲಂಡ್ ಕೂನ್ ಇಮಿಪ್ರಮಿನ್‌ನ ಗುಣ ಗುರುತಿಸಿದರು. ಮರುಹೀರಿಕೆಯ ಕುರಿತ ಕೆಲಸವೂ ಸೇರಿದಂತೆ ಸಾಧನೆಗಾಗಿ ಜೂಲಿಯಸ್ ಆಕ್ಸೆಲ್‌ರಾಡ್‌ಗೆ 1970ರ ನೊಬೆಲ್ (ಇನ್ನಿಬ್ಬರ ಜತೆ). ಸಿದ್ಧಾಂತದ ಹೆಸರುಗಳು: ಶಿಲ್ಡ್‌ಕ್ರಾಟ್ (1965, ನಾರ್‌ಅಡ್ರಿನಲಿನ್), ಕಾಪ್ಪೆನ್ (1967, ಸೆರೊಟೋನಿನ್). ಅಮೆರಿಕದಲ್ಲಿ ಫ್ಲುವಾಕ್ಸೆಟಿನ್‌ಗೆ ಅನುಮತಿ 1987.

ನೆನಪಿಡಬೇಕಾದ ಕೋಶಗುಂಪುಗಳು: ಸೆರೊಟೋನಿನ್‌ಗೆ ರಫೆ, ನಾರ್‌ಅಡ್ರಿನಲಿನ್‌ಗೆ ಲೋಕಸ್ ಸೆರೂಲಿಯಸ್, ಸುಖದ ರುಚಿ ಕೆಡುವ ಲಕ್ಷಣದಲ್ಲಿ ಮುಖ್ಯವಾದ ಡೋಪಮಿನ್‌ಗೆ ವಿಟಿಎ. ಸೆರೊಟೋನಿನ್ ತಯಾರಿ: ಟ್ರಿಪ್ಟೊಫಾನ್ → 5-ಎಚ್‌ಟಿಪಿ → ಸೆರೊಟೋನಿನ್. ವೇಗ ನಿರ್ಧರಿಸುವ ಕಿಣ್ವ ಟ್ರಿಪ್ಟೊಫಾನ್ ಹೈಡ್ರಾಕ್ಸಿಲೇಸ್. ಮೆದುಳಿನಲ್ಲಿ ಅದರ ಎರಡನೇ ರೂಪ, ಟಿಪಿಎಚ್2.

ಸಿದ್ಧಾಂತದ ಕೊರೆ ತೋರಿಸಲು ಒಂದು ಪ್ರಯೋಗ ಸಾಕು. ಟ್ರಿಪ್ಟೊಫಾನ್ ಇಲ್ಲದ ಅಮೈನೊ ಆಮ್ಲಗಳ ಮಿಶ್ರಣ ಕುಡಿಸಿದರೆ ಸೆರೊಟೋನಿನ್ ತಯಾರಿ ಕುಸಿಯುತ್ತದೆ. ಆರೋಗ್ಯವಂತರು ಅದರಿಂದ ಸಾಮಾನ್ಯವಾಗಿ ಖಿನ್ನರಾಗುವುದಿಲ್ಲ. ಎಸ್‌ಎಸ್‌ಆರ್‌ಐ (ಸೆರೊಟೋನಿನ್ ಮರುಹೀರಿಕೆ ತಡೆಯುವ) ಮಾತ್ರೆಯಿಂದ ಚೇತರಿಸಿಕೊಂಡವರಲ್ಲಿ ಹಲವರಿಗೆ ಲಕ್ಷಣಗಳು ಮರುಕಳಿಸುತ್ತವೆ. ಅಂದರೆ ಗುಣವಾಗುವುದರಲ್ಲಿ ಸೆರೊಟೋನಿನ್‌ಗೆ ಪಾತ್ರವಿದೆ. ಅದರ ಕೊರತೆಯೇ ರೋಗದ ಮೂಲ ಎನ್ನಲು ಬಾರದು. ಉತ್ತರದಲ್ಲಿ ಈ ಎರಡನ್ನೂ ಬೇರ್ಪಡಿಸಿ ಬರೆಯಿರಿ. ಬಹಳ ಮಂದಿ ಬೆರೆಸಿಬಿಡುತ್ತಾರೆ.

ವಾರಗಳ ವಿಳಂಬಕ್ಕೆ ಈ ಪಾಳಯದ ಉತ್ತರ: ಮೊದಲ ದಿನಗಳಲ್ಲಿ ಹೆಚ್ಚಿದ ಸೆರೊಟೋನಿನ್ ರಫೆ ಕೋಶದ ಮೈಮೇಲಿನ 5-ಎಚ್‌ಟಿ1ಎ ಗ್ರಾಹಕಕ್ಕೇ ತಗಲಿ ಆ ಕೋಶವನ್ನು ಸುಮ್ಮನಾಗಿಸುತ್ತದೆ. ವಾರಗಳ ಮೇಲೆ ಈ ಗ್ರಾಹಕ ಮಂಕಾಗುತ್ತದೆ, ಕೋಶ ಮತ್ತೆ ಮಿಡಿಯುತ್ತದೆ. ಇದು ಸರಿ, ಆದರೆ ಸಾಲದು.

ನರಕೋಶದ ಆಕಾರ: ಬೆಂಗಳೂರಿನ ಕೊಡುಗೆ

ಇದು ಇಡೀ ಪಾಠದ ತಿರುಳು ಎಂಬುದು ನನ್ನ ಎಣಿಕೆ. ಬ್ರೂಸ್ ಮೆಕ್‌ಇವನ್ ಅವರ ತಂಡ 1990ರ ದಶಕದ ಆರಂಭದಲ್ಲಿ, ದಿನವೂ ಕಟ್ಟಿಹಾಕಿದ ಇಲಿಗಳಲ್ಲಿ ಮೂರು ವಾರಕ್ಕೆ ಹಿಪೊಕ್ಯಾಂಪಸ್‌ನ ಸಿಎ3 ಕೋಶಗಳ ಡೆಂಡ್ರೈಟ್‌ಗಳು ಮೊಟಕಾಗುವುದನ್ನು ಕಂಡಿತು. ಒತ್ತಡವೆಂದರೆ ಸವೆತ ಎಂಬ ಭಾವನೆ ಆಗ ಬಲವಾಯಿತು.

2002ರಲ್ಲಿ ಬೆಂಗಳೂರಿನ ಎನ್‌ಸಿಬಿಎಸ್‌ನಲ್ಲಿ ಸುಮಂತ್ರ ಚಟರ್ಜಿ ಅವರ ತಂಡ, ನಿಮ್ಹಾನ್ಸ್‌ನ ಬಿ.ಎಸ್. ಶಂಕರನಾರಾಯಣ ರಾವ್ ಅವರೂ ಸೇರಿ, ಅದೇ ಇಲಿಯ ಅಮಿಗ್ಡಲವನ್ನೂ ನೋಡಿತು. ದಿನಕ್ಕೆ ಎರಡು ಗಂಟೆ, ಹತ್ತು ದಿನ, ಇಲಿಯನ್ನು ಮಿಸುಕಾಡದಂತೆ ಬಂಧಿಸುವುದು. ಆಮೇಲೆ ಮೆದುಳಿನ ಬಿಲ್ಲೆಗಳಿಗೆ ಗಾಲ್ಜಿ ಬಣ್ಣ. ಈ ಬಣ್ಣ ನೂರರಲ್ಲಿ ಒಂದೆರಡು ಕೋಶಗಳಿಗಷ್ಟೇ ಹಿಡಿಯುತ್ತದೆ. ಹಿಡಿದ ಕೋಶ ಮಾತ್ರ ಕೊನೆಯ ಕವಲಿನವರೆಗೂ ಹಳದಿ ಹಿನ್ನೆಲೆಯ ಮೇಲೆ ಕಪ್ಪಗೆ ಮೂಡುತ್ತದೆ. ಆ ಕವಲುಗಳನ್ನು ಗೆರೆಯಾಗಿ ಬರೆದುಕೊಂಡು ಉದ್ದ ಅಳೆದಾಗ ಸಿಎ3ನಲ್ಲಿ ಕುಗ್ಗಿದ್ದವು, ಅಮಿಗ್ಡಲದ ಬೇಸೊಲ್ಯಾಟರಲ್ ಭಾಗದಲ್ಲಿ ಹಿಗ್ಗಿದ್ದವು. ಒಂದೇ ತಲೆ, ಒಂದೇ ಒತ್ತಡ, ತದ್ವಿರುದ್ಧ ಫಲ.

ಮುಂದಿನ ಎರಡು ಸಂಗತಿಗಳನ್ನೂ ಬರೆದರೆ ಉತ್ತರಕ್ಕೆ ತೂಕ ಬರುತ್ತದೆ. 2004: ಬಂಧನ ನಿಲ್ಲಿಸಿ 21 ದಿನ ಬಿಟ್ಟರೂ ಅಮಿಗ್ಡಲದ ಹಿಗ್ಗು ಇಳಿಯಲಿಲ್ಲ, ಆತಂಕವೂ ಹೋಗಲಿಲ್ಲ. 2005: ಒಂದೇ ಸಲದ ಎರಡು ಗಂಟೆಯ ಬಂಧನ, ಮರುದಿನ ನೋಡಿದರೆ ಬದಲಾವಣೆ ಇಲ್ಲ, ಹತ್ತು ದಿನದ ಮೇಲೆ ಅಮಿಗ್ಡಲದ ಡೆಂಡ್ರೈಟ್ ಮುಳ್ಳುಗಳ ಸಂಖ್ಯೆ ಹೆಚ್ಚಿತ್ತು. ಏಟು ಬಿದ್ದ ಗಳಿಗೆಗೂ ಫಲ ಕಾಣುವ ಗಳಿಗೆಗೂ ನಡುವೆ ದಿನಗಳ ಅಂತರ ಇಲ್ಲಿಯೂ ಇದೆ.

ಬಿಡಿಎನ್‌ಎಫ್ ಮತ್ತು ಹೊಸ ಕೋಶಗಳು

• ನರಕೋಶವನ್ನು ಪೋಷಿಸುವ ಈ ಪ್ರೋಟೀನನ್ನು 1982ರಲ್ಲಿ ಹಂದಿಯ ಮೆದುಳಿನಿಂದ ಶುದ್ಧೀಕರಿಸಿದ್ದು ಬಾರ್ಡ್ ಮತ್ತು ಸಂಗಡಿಗರು. ಗ್ರಾಹಕ: ಟ್ರ್ಯಾಕ್-ಬಿ.

• ದೀರ್ಘ ಒತ್ತಡದಲ್ಲಿ ಹಿಪೊಕ್ಯಾಂಪಸ್‌ನ ಬಿಡಿಎನ್‌ಎಫ್ ಇಳಿಯುತ್ತದೆ. ಖಿನ್ನತೆಯ ಮದ್ದನ್ನು ದಿನಗಟ್ಟಲೆ ಕೊಟ್ಟರೆ ಏರುತ್ತದೆ. ದಾರಿ: ಸೈಕ್ಲಿಕ್ ಎಎಂಪಿ → ಕ್ರೆಬ್ → ಬಿಡಿಎನ್‌ಎಫ್ ಜೀನ್. ರೊನಾಲ್ಡ್ ಡ್ಯೂಮನ್ ಹೆಸರು ಬರೆಯಿರಿ. ವಾರಗಳ ವಿಳಂಬಕ್ಕೆ ಹೊಂದುವ ವಿವರಣೆ ಇದು: ಕವಲು, ಮುಳ್ಳು, ಸಿನಾಪ್ಸ್ ಬೆಳೆಯಲು ಕಾಲ ಬೇಕು.

• 2021ರ ಹೊಸ ಅಂಶ: ಫ್ಲುವಾಕ್ಸೆಟಿನ್, ಇಮಿಪ್ರಮಿನ್, ಕೆಟಮಿನ್ ಮೂರೂ ನೇರವಾಗಿ ಟ್ರ್ಯಾಕ್-ಬಿ ಗ್ರಾಹಕಕ್ಕೇ ಅಂಟುತ್ತವೆ ಎಂದು ಫಿನ್‌ಲೆಂಡಿನ ಕಾಸ್ಟ್ರೆನ್ ತಂಡ ವರದಿ ಮಾಡಿತು.

• ಡೆಂಟೇಟ್ ಜೈರಸ್‌ನಲ್ಲಿ ಪ್ರಾಯಕ್ಕೆ ಬಂದ ಮೇಲೂ ನರಕೋಶಗಳು ಹುಟ್ಟುತ್ತವೆ. 2003ರಲ್ಲಿ ಸುಂಡಿಲಿಗಳ ಹಿಪೊಕ್ಯಾಂಪಸ್‌ಗೆ ಎಕ್ಸ್-ಕಿರಣ ಹಾಯಿಸಿ ಈ ಹುಟ್ಟನ್ನು ನಿಲ್ಲಿಸಿದಾಗ ಫ್ಲುವಾಕ್ಸೆಟಿನ್ ವರ್ತನೆಯ ಮೇಲೆ ಪರಿಣಾಮ ಬೀರಲಿಲ್ಲ. ಮಾನವರಲ್ಲಿ? 2018ರಲ್ಲಿ ತಿಂಗಳ ಅಂತರದಲ್ಲಿ ಬಂದ ಎರಡು ಅಧ್ಯಯನಗಳಲ್ಲಿ ಒಂದು ಇಲ್ಲವೆಂದಿತು, ಇನ್ನೊಂದು ಮುಪ್ಪಿನವರೆಗೂ ಇದೆ ಎಂದಿತು. ಉತ್ತರದಲ್ಲಿ ವಿವಾದವನ್ನು ವಿವಾದವೆಂದೇ ಬರೆಯಿರಿ.

ಉರಿಯೂತ

ಹೆಪಟೈಟಿಸ್-ಸಿಗೆ ಇಂಟರ್‌ಫೆರಾನ್-ಆಲ್ಫಾ ಪಡೆದ ಅನೇಕರಿಗೆ ಖಿನ್ನತೆ ಬಂದದ್ದು ಇಲ್ಲಿನ ಮುಖ್ಯ ಸಾಕ್ಷ್ಯ. ಉರಿಯೂತದ ಸಂಕೇತಗಳು ಐಡಿಒ ಕಿಣ್ವವನ್ನು ಎಬ್ಬಿಸಿ ಟ್ರಿಪ್ಟೊಫಾನನ್ನು ಕೈನುರೆನಿನ್ ದಾರಿಗೆ ಎಳೆಯುತ್ತವೆ. ಆ ದಾರಿಯ ಕ್ವಿನೊಲಿನಿಕ್ ಆಮ್ಲ ಎನ್‌ಎಂಡಿಎ ಗ್ರಾಹಕವನ್ನು ಕೆರಳಿಸುತ್ತದೆ. ಖಿನ್ನರೆಲ್ಲರಲ್ಲೂ ಉರಿಯೂತ ಇರುವುದಿಲ್ಲ.

ಬಾಲ್ಯ ಮತ್ತು ಜೀನ್

ಮೈಕೆಲ್ ಮೀನಿ ತಂಡ, 2004: ಮರಿಯನ್ನು ಹೆಚ್ಚು ನೆಕ್ಕಿ ಸಾಕುವ ತಾಯಿಲಿಯ ಮರಿಗಳಲ್ಲಿ ಜಿಆರ್ ಜೀನಿನ ಮೇಲೆ ಮೀಥೈಲ್ ಗುರುತು ಕಡಿಮೆ, ಗ್ರಾಹಕ ಹೆಚ್ಚು, ಒತ್ತಡಕ್ಕೆ ಪ್ರತಿಕ್ರಿಯೆ ಮಿತ. ಸಾಕುತಾಯಿಯ ಬಳಿ ಬಿಟ್ಟ ಮರಿಗಳು ಸಾಕಿದವಳಂತೆಯೇ ಆದವು. ಸೆರೊಟೋನಿನ್ ಸಾಗಣೆ ಜೀನಿನ ಗಿಡ್ಡ ರೂಪ ಮತ್ತು ಒತ್ತಡದ ಕುರಿತ 2003ರ ಪ್ರಸಿದ್ಧ ವರದಿಗೆ ನಂತರದ ದೊಡ್ಡ ಅಧ್ಯಯನಗಳಲ್ಲಿ ಬೆಂಬಲ ಸಿಗಲಿಲ್ಲ. ಹಳೆಯ ಗೈಡ್‌ಗಳಲ್ಲಿ ಅದಿನ್ನೂ ಸತ್ಯವೆಂದೇ ಅಚ್ಚಾಗುತ್ತಿದೆ.

ಕೆಟಮಿನ್

ಖಿನ್ನತೆಯ ಮೇಲೆ ಇದರ ಪರಿಣಾಮ ತೋರಿಸಿದ್ದು 2000ರಲ್ಲಿ ಯೇಲ್‌ನ ಚಿಕ್ಕ ಪ್ರಯೋಗ. ಎನ್‌ಎಂಡಿಎ ತಡೆ, ಗ್ಲುಟಮೇಟ್ ಏರಿಕೆ, ಆಂಪಾ ಗ್ರಾಹಕ, ಬಿಡಿಎನ್‌ಎಫ್, ಎಂಟಾರ್, ಹೊಸ ಮುಳ್ಳುಗಳು: ಬಹುವಾಗಿ ಒಪ್ಪಿತವಾದ ಸರಣಿ. ಇಲಿಗಳ ಪ್ರಿಫ್ರಂಟಲ್ ಕಾರ್ಟೆಕ್ಸ್‌ನಲ್ಲಿ ಒಂದೇ ದಿನದಲ್ಲಿ ಮುಳ್ಳುಗಳು ಹೆಚ್ಚಿದವು (2010). ಮೂಗಿಗೆ ಸಿಂಪಡಿಸುವ ಎಸ್‌ಕೆಟಮಿನ್‌ಗೆ ಅಮೆರಿಕದಲ್ಲಿ ಅನುಮತಿ 2019. ಪರಿಣಾಮ ಗಂಟೆಗಳಲ್ಲಿ, ಒಂದು ಡೋಸ್ ಉಳಿಯುವುದು ಕೆಲ ದಿನ.

ಪ್ರಾಣಿ ಮಾದರಿಗಳು

ಕಲಿತ ಅಸಹಾಯಕತೆ (ಸೆಲಿಗ್‌ಮನ್, ಮೇಯರ್, 1967), ಸಕ್ಕರೆ ನೀರಿನ ಆಯ್ಕೆ, ಬಲವಂತದ ಈಜು (ಪೊರ್ಸೊಲ್ಟ್, 1977). ಈಜಿನ ಪರೀಕ್ಷೆಯಲ್ಲಿ ಇಮಿಪ್ರಮಿನ್ ಒಂದು ದಿನದೊಳಗೆ ಕೊಟ್ಟ ಕೆಲವೇ ಡೋಸ್‌ಗಳಿಗೆ ಇಲಿಯ ನಿಶ್ಚಲತೆಯನ್ನು ಕಡಿಮೆ ಮಾಡುತ್ತದೆ. ರೋಗಿಗೆ ವಾರಗಳು ಹಿಡಿಯುವ ಮದ್ದು ಇಲ್ಲಿ ದಿನದಲ್ಲೇ ಉತ್ತರ ಕೊಡುವುದರಿಂದ, ಇದು ಮದ್ದನ್ನು ಸೋಸುವ ಪರೀಕ್ಷೆಯೇ ಹೊರತು ಖಿನ್ನತೆಯ ಮಾದರಿಯಲ್ಲ. ‘ಟಿಪ್ಪಣಿ ಬರೆಯಿರಿ’ ಎಂದಾಗ ಈ ವಾಕ್ಯವನ್ನು ಬಿಡಬೇಡಿ.